ಜೀವೋತ್ಪತ್ತಿ: ಸಂಕಲ್ಪವೋ ಯದೃಚ್ಛೆಯೋ?

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿ ಪಾಪಿನಾಯಕನಹಳ್ಳಿ ಎಂಬ ಊರಿದೆ. ಅದರ ದಕ್ಷಿಣಕ್ಕೆ ಸಂಡೂರಿನ ಕಬ್ಬಿಣದ ಬೆಟ್ಟಸಾಲು. ಉತ್ತರದ ಕಡೆಗೆ ಕೆಲವೇ ಹರದಾರಿಗಳಾಚೆ ಹಂಪಿಯ ಬಂಡೆಗಳ ಸೀಮೆ. ಭೂಮಿಯ ಮೇಲೆ ಜೀವವು ಒಬ್ಬ ಕರ್ತೃವಿನ ಸಂಕಲ್ಪದಿಂದ ಉಂಟಾಯಿತೋ, ಇಲ್ಲವೇ ಯದೃಚ್ಛೆಯಿಂದ, ಅಂದರೆ ಆಕಸ್ಮಿಕವಾಗಿ, ಹುಟ್ಟಿತೋ ಎಂದು ವಿಚಾರಿಸುವವನಿಗೆ ಈ ಎರಡು ದಿಕ್ಕುಗಳಲ್ಲಿಯೂ ಸಾಕ್ಷ್ಯ ದೊರೆಯುತ್ತದೆ.

ಹಂಪಿಯಲ್ಲಿ ಆನೆಗಾತ್ರದ ಗುಂಡೊಂದು ಮತ್ತೊಂದರ ನೆತ್ತಿಯ ಮೇಲೆ ಅಲ್ಪ ಆಸರೆಯಲ್ಲಿ ನಿಂತಿರುವುದನ್ನು ಕಂಡವರು, ಯಾರೋ ಅದನ್ನು ಎತ್ತಿಟ್ಟಿರಬೇಕೆಂದು ಭಾವಿಸುವುದು ಸಹಜ. ವಾಲಿ ಸುಗ್ರೀವರು ಕಾಳಗದಲ್ಲಿ ಎಸೆದಾಡಿದ ಬಂಡೆಗಳಿವು ಎಂಬ ಕಥೆ ಹುಟ್ಟಿದುದು ಈ ಬೆರಗಿನಿಂದಲೇ ಇರಬೇಕು. ಭೂವಿಜ್ಞಾನಿಗಳು ಹೇಳುವುದು ಬೇರೆ. ನೆಲದೊಳಗಿನ ಗ್ರಾನೈಟ್ ಶಿಲೆಯಲ್ಲಿ ಅಡ್ಡಲಾಗಿಯೂ ಉದ್ದವಾಗಿಯೂ ಸೀಳುಗಳಿದ್ದವು. ಅವುಗಳಲ್ಲಿ ನೀರಿಳಿದು, ಮೂಲೆಗಳು ಮೊದಲು ಶಿಥಿಲವಾಗಿ, ಸುತ್ತಣ ಮಣ್ಣು ಕೊಚ್ಚಿಹೋಗಿ, ಗಟ್ಟಿಯಾದ ತಿರುಳು ಇದ್ದಲ್ಲಿಯೇ ಗುಂಡಾಗಿ ಉಳಿಯಿತು. ಯಾರೂ ಎತ್ತಿಡಲಿಲ್ಲ, ಹಾಗೆಂದು ಅದು ಬರಿಯ ಆಕಸ್ಮಿಕವೂ ಅಲ್ಲ. ಅದೇ ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥವಾದರೋ ನಿಶ್ಚಯವಾಗಿ ಶಿಲ್ಪಿಯ ಸಂಕಲ್ಪ. ಅದು ತಿಳಿಯುವುದು ರಥದ ಅಂದದಿಂದಲ್ಲ. ಉಳಿಯ ಗುರುತಿನಿಂದ, ಶಿಲ್ಪಿಗಳು ಇದ್ದರೆಂಬ ಬೇರೆ ಆಧಾರಗಳಿಂದ. ಕ್ರಮ ಕಂಡೊಡನೆ ಕರ್ತೃವನ್ನು ಊಹಿಸುವುದು ಅವಸರದ ತೀರ್ಮಾನವೆನ್ನದೆ ವಿಧಿಯಿಲ್ಲ.

ಇನ್ನು ಸಂಡೂರಿನ ಕಡೆಗೆ ತಿರುಗಬೇಕು. ಅಲ್ಲಿನ ಪ್ರಾಚೀನ ಶಿಲೆಗಳಲ್ಲಿ ಪದರಪದರವಾಗಿ ಉಬ್ಬಿದ ಸ್ಟ್ರೊಮ್ಯಾಟೊಲೈಟ್‌ಗಳೆಂಬ ರಚನೆಗಳು ದೊರೆತಿವೆ. ಅವುಗಳ ವಯಸ್ಸು ಸುಮಾರು 270 ಕೋಟಿ ವರ್ಷ. ಆಳವಿಲ್ಲದ ಕಡಲಿನಲ್ಲಿ ಸೂಕ್ಷ್ಮಜೀವಿಗಳ ಲೋಳೆಯ ಹಾಸು ಕಣಗಳನ್ನು ಹಿಡಿದಿಟ್ಟುಕೊಂಡು, ಬೆಳಕನ್ನರಸಿ ಮೇಲೇರುತ್ತ ಕಟ್ಟಿದ ಗುಡ್ಡೆಗಳವು. ಆಸ್ಟ್ರೇಲಿಯದ ಶಾರ್ಕ್ ಕೊಲ್ಲಿಯಲ್ಲಿ ಇಂದಿಗೂ ಅಂತಹವು ಬೆಳೆಯುತ್ತಿವೆ. ಸಂಡೂರಿನ ಆ ಹಾಸುಗಳ ಕಾಲದಿಂದ ಮೊದಲ ಪ್ರಾಣಿಗಳು ಕಾಣಿಸಿಕೊಳ್ಳುವವರೆಗೆ 200 ಕೋಟಿ ವರ್ಷಗಳು ಕಳೆದುವು. ಮನುಷ್ಯನನ್ನೇ ಗುರಿಯಾಗಿಟ್ಟುಕೊಂಡ ಸಂಕಲ್ಪಕ್ಕೆ ಇದು ತೀರ ಬಳಸುದಾರಿಯಾಯಿತು!

ಸಂಕಲ್ಪವಾದಿಗಳ ಬಲವಾದ ಪ್ರಶ್ನೆಯೊಂದುಂಟು: ಅಚ್ಚಿನ ಮೊಳೆಗಳನ್ನು ಬಾಚಿ ಎರಚಿದರೆ ಕುಮಾರವ್ಯಾಸ ಭಾರತವಾದೀತೆ? ಆಗಲಾರದು. ಆದರೆ ಮೊಳೆಗಳಿಗೆ ಒಂದನ್ನೊಂದು ಹಿಡಿಯುವ ಗುಣವಿಲ್ಲ. ಇಂಗಾಲ, ಜಲಜನಕ, ಸಾರಜನಕಗಳ ಪರಮಾಣುಗಳಿಗೆ ಉಂಟು. 1953ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಮಿಲ್ಲರನು ಮೀಥೇನ್, ಅಮೋನಿಯ, ಜಲಜನಕ, ನೀರಾವಿಗಳ ಮಿಶ್ರಣದಲ್ಲಿ ವಿದ್ಯುತ್ ಕಿಡಿ ಹಾಯಿಸಿದಾಗ ಕೆಲವೇ ದಿನಗಳಲ್ಲಿ ಅಮೈನೋ ಆಮ್ಲಗಳು ಉಂಟಾದುವು. ಆದಿಕಾಲದ ವಾಯುಮಂಡಲ ಹಾಗೆಯೇ ಇತ್ತೆಂದು ಇಂದಿನ ಅನೇಕ ವಿಜ್ಞಾನಿಗಳು ಒಪ್ಪುವುದಿಲ್ಲವೆಂಬುದು ನಿಜ. ಆದರೆ 1969ರಲ್ಲಿ ಆಸ್ಟ್ರೇಲಿಯದ ಮರ್ಚಿಸನ್ನಿನಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿಯೂ ಅಂತಹ ಆಮ್ಲಗಳು ಸಿಕ್ಕಿದುವು. ಆ ಕಲ್ಲಿಗೆ ಯಾವ ಪ್ರಯೋಗಶಾಲೆಯಿತ್ತು?

ಶ್ವೇತಾಶ್ವತರೋಪನಿಷತ್ತು ಆರಂಭದಲ್ಲಿಯೇ ಜಗತ್ಕಾರಣವನ್ನು ಪ್ರಶ್ನಿಸಿ ಕಾಲ, ಸ್ವಭಾವ, ನಿಯತಿ, ಯದೃಚ್ಛೆ ಮೊದಲಾದವನ್ನು ಹೆಸರಿಸುತ್ತದೆ. ಮುಂದೆ ಅದು ಇವುಗಳಿಗೂ ಮೇಲಾದ ದೈವಶಕ್ತಿಯನ್ನು ಹೇಳುವುದಾದರೂ, ಸ್ವಭಾವವನ್ನೂ ಯದೃಚ್ಛೆಯನ್ನೂ ಬೇರೆಬೇರೆಯಾಗಿ ಎಣಿಸಿದುದು ಗಮನಾರ್ಹ. ಇಂದಿನ ವಾಗ್ವಾದಿಗಳು ಮರೆಯುವುದು ಈ ಭೇದವನ್ನೇ. ಕರ್ತೃವಿಲ್ಲವೆಂದರೆ ಎಲ್ಲವೂ ಆಕಸ್ಮಿಕವೆಂದು ಅವರು ಬಗೆಯುತ್ತಾರೆ. ವಸ್ತುವಿನ ಸ್ವಭಾವ, ಉಳಿದುದು ಉಳಿದು ಅಳಿದುದು ಅಳಿಯುವ ಆಯ್ಕೆ, ಕೋಟ್ಯಂತರ ವರ್ಷಗಳ ಅವಕಾಶ, ಇವು ಕೂಡಿದಲ್ಲಿ ಆಕಸ್ಮಿಕಕ್ಕೆ ಉಳಿಯುವ ಪಾಲು ಕಿರಿದು.

ಇಷ್ಟಾದರೂ ಇಟ್ಟಿಗೆ ಮನೆಯಲ್ಲ, ಅಮೈನೋ ಆಮ್ಲ ಜೀವವಲ್ಲ. ಸಂಡೂರಿನ ಶಿಲೆಗಳಲ್ಲಿರುವುದು ಆಗಲೇ ಹುಟ್ಟಿ ಬೆಳೆದ ಜೀವದ ಗುರುತು, ಅದರ ಜನ್ಮಪತ್ರವಲ್ಲ. ಜಡವಾದ ಅಣುಗಳು ತಮ್ಮ ಪ್ರತಿಯನ್ನು ತಾವೇ ಮಾಡಿಕೊಳ್ಳತೊಡಗಿದುದು ಹೇಗೆಂಬುದನ್ನು ಯಾವ ಪ್ರಯೋಗಶಾಲೆಯೂ ಇನ್ನೂ ಪೂರ್ಣವಾಗಿ ತೋರಿಸಿಲ್ಲ. ಆ ತೆರವಿನಲ್ಲಿ ದೇವರನ್ನು ಕೂರಿಸುವ ಭಕ್ತನು ತನ್ನ ದೇವರಿಗೆ ಬಾಡಿಗೆಯ ಮನೆ ಹಿಡಿದಂತಾಗುತ್ತದೆ. ಹಂಪಿಯ ಬಂಡೆಗಳ ನಡುವೆಯೂ ಒಂದು ಕಾಲಕ್ಕೆ ಅಂತಹ ತೆರವಿತ್ತು.