ಮಾತ್ರೆಗೆ ‘ಪವರ್’ ಇಲ್ಲವೆಂದು ಅಳೆದು ನೋಡಿದವರಾರು?

“ಈ ಮಾತ್ರೆಗೆ ಪವರ್ ಇಲ್ಲ, ಎರಡು ನುಂಗು.” ತಲೆನೋವು, ಮಂಡಿನೋವಿನ ಹೊತ್ತಿನಲ್ಲಿ ಈ ಮಾತು ಕೇಳದ ಮನೆಗಳು ಕಡಿಮೆ. ಜನೌಷಧಿ ಕೇಂದ್ರದ ಅಗ್ಗದ ಮಾತ್ರೆಯೆಂದರೆ ಸಂಶಯ. ಗಲ್ಫ್‌ನಿಂದ ಬಂದ ಮಗನ ಸೂಟ್‌ಕೇಸಿನಲ್ಲಿದ್ದ ಡಬ್ಬಿಯೆಂದರೆ ಪೂರ್ಣ ಭರವಸೆ. ಎರಡಕ್ಕೂ ಆಧಾರ ಬೆಲೆ ಮತ್ತು ಪ್ಯಾಕಿಂಗ್, ಬೇರೇನೂ ಅಲ್ಲ. ಆದರೆ ಈ ಊಹೆಯನ್ನು ನಂಬಿ ಆಸ್ಪಿರಿನ್, ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ಇಮ್ಮಡಿ ನುಂಗಿದರೆ ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರಬಹುದು. ವಯಸ್ಸಾದವರಿಗಂತೂ ಈ ಅಪಾಯ ಇನ್ನೂ ಹೆಚ್ಚು.

ಮಾತ್ರೆಯಲ್ಲಿ ಮದ್ದು ಎಷ್ಟಿದೆ ಎಂಬುದನ್ನು ಅಳೆಯಲು ಬರುತ್ತದೆ. ಆಸ್ಪಿರಿನ್‌ನ ಮಟ್ಟಿಗೆ ಅದಕ್ಕೆ ದುಬಾರಿ ಯಂತ್ರವೂ ಬೇಕಾಗಿಲ್ಲ. ಪಿಯುಸಿ ವಿಜ್ಞಾನ ಓದಿದ ಮಕ್ಕಳು ಬ್ಯೂರೆಟ್ ಹಿಡಿದು ಟೈಟ್ರೇಶನ್ ಮಾಡಿರುತ್ತಾರಲ್ಲ, ಅದೇ ಕೆಲಸ. 20 ಮಾತ್ರೆಗಳನ್ನು ತೂಗಿ ಪುಡಿ ಮಾಡುತ್ತಾರೆ. ಲೇಬಲ್ ಪ್ರಕಾರ 500 ಮಿಲಿಗ್ರಾಂ ಆಸ್ಪಿರಿನ್ ಇರಬೇಕಾದಷ್ಟು ಪುಡಿಯನ್ನು 30 ಮಿಲಿಲೀಟರ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಹತ್ತು ನಿಮಿಷ ಮೆಲ್ಲನೆ ಕುದಿಸುತ್ತಾರೆ. ಆಸ್ಪಿರಿನ್ ಒಡೆದು ತನ್ನ ಪಾಲಿನ ಕ್ಷಾರವನ್ನು ಬಳಸಿಕೊಳ್ಳುತ್ತದೆ. ಉಳಿದ ಕ್ಷಾರ ಎಷ್ಟೆಂದು ತಿಳಿಯಲು ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಬಿಡುತ್ತಾರೆ; ಫೀನಾಲ್ ರೆಡ್‌ನ ಕೆಂಪು ಹಳದಿಗೆ ತಿರುಗಿದಾಗ ನಿಲ್ಲಿಸುತ್ತಾರೆ. 0.5 ಮೋಲಾರ್ ಕ್ಷಾರ ಒಂದು ಮಿಲಿಲೀಟರ್ ಖರ್ಚಾಗಿದ್ದರೆ 45.04 ಮಿಲಿಗ್ರಾಂ ಆಸ್ಪಿರಿನ್ ಇತ್ತೆಂದು ಲೆಕ್ಕ. 500 ಮಿಲಿಗ್ರಾಂ ಸರಿಯಾಗಿ ಇದ್ದರೆ 11.1 ಮಿಲಿಲೀಟರ್ ಖರ್ಚಾಗಬೇಕು. ಲೇಬಲ್‌ನಲ್ಲಿ ಬರೆದದ್ದರ ಶೇ. 95ರಿಂದ 105ರೊಳಗೆ ಬಂದರೆ ಮಾತ್ರೆ ಈ ಪರೀಕ್ಷೆಯಲ್ಲಿ ಪಾಸು. ಅಗ್ಗದ ಮಾತ್ರೆಗೆ ಒಂದು ಮಿತಿ, ದುಬಾರಿಗೆ ಇನ್ನೊಂದು ಎಂದಿಲ್ಲ. (ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಕುದಿಯುವ ಕ್ಷಾರ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು.)

ಆದರೆ ಈ ಲೆಕ್ಕದಲ್ಲೂ ಒಂದು ತೊಡಕಿದೆ. ಪ್ರಯೋಗಾಲಯದಲ್ಲಿ ಕುದಿಸಿ ಆಸ್ಪಿರಿನ್ ಅನ್ನು ಒಡೆಯುತ್ತೇವೆ. ಕರಾವಳಿಯ ಮಳೆಗಾಲದ ತೇವ ಅದೇ ಕೆಲಸವನ್ನು ಡಬ್ಬಿಯೊಳಗೆ ನಿಧಾನವಾಗಿ ಮಾಡುತ್ತದೆ. ಆಸ್ಪಿರಿನ್ ಒಡೆದರೆ ಸ್ಯಾಲಿಸಿಲಿಕ್ ಆಮ್ಲ ಮತ್ತು ಅಸೆಟಿಕ್ ಆಮ್ಲ ಉಂಟಾಗುತ್ತವೆ. ಇವೆರಡೂ ಸೇರಿ ಬಳಸುವ ಕ್ಷಾರ, ಒಳ್ಳೆಯ ಆಸ್ಪಿರಿನ್ ಬಳಸುವಷ್ಟೇ. ಅಸೆಟಿಕ್ ಆಮ್ಲ ಆರಿ ಹೋಗದಿದ್ದರೆ, ಕೆಟ್ಟ ಮಾತ್ರೆಗೂ ಬ್ಯೂರೆಟ್ ಪೂರ್ತಿ ಅಂಕ ಕೊಟ್ಟುಬಿಡುತ್ತದೆ! ಅದಕ್ಕೇ ಬಿಡಿಯಾದ ಸ್ಯಾಲಿಸಿಲಿಕ್ ಆಮ್ಲವನ್ನು ಬೇರೆಯಾಗಿ ಪರೀಕ್ಷಿಸಬೇಕು. ಫೆರಿಕ್ ಕ್ಲೋರೈಡ್ ಹಾಕಿದರೆ ಅದು ನೇರಳೆ ಬಣ್ಣ ತೋರಿಸುತ್ತದೆ. ಮನೆಯಲ್ಲಾದರೆ ನಮ್ಮ ಮೂಗೇ ಸಾಕು: ಡಬ್ಬಿ ತೆರೆದಾಗ ವಿನೆಗರ್‌ನ ವಾಸನೆ ಬಂದರೆ ಆ ಆಸ್ಪಿರಿನ್ ಕೆಡತೊಡಗಿದೆ ಎಂದೇ ಅರ್ಥ.

ಹೃದಯದ ತೊಂದರೆಗೆಂದು ದಿನಕ್ಕೆ 75 ಮಿಲಿಗ್ರಾಂ ಆಸ್ಪಿರಿನ್ ತೆಗೆದುಕೊಳ್ಳುವ ಹಿರಿಯರಿರುವ ಮನೆಗಳು ಇದನ್ನು ಗಮನಿಸಬೇಕು. ಒಡೆದ ಆಸ್ಪಿರಿನ್‌ನಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕೆಲಸ ಆಗುವುದಿಲ್ಲ. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಅಡುಗೆಮನೆಯ ಡಬ್ಬಿಯಲ್ಲಿ, ಬಾತ್‌ರೂಮಿನ ಕಪಾಟಿನಲ್ಲಿ ಇಡುವ ಅಭ್ಯಾಸ ಬಿಡೋಣ. ಹಾಗೆಂದು ಸಂಶಯ ಬಂದ ಕೂಡಲೇ ಹೃದ್ರೋಗಿಯ ಮಾತ್ರೆ ನಿಲ್ಲಿಸಬಾರದು. ಅದೇ ಮಾತ್ರೆಯ ಹೊಸ ಸ್ಟ್ರಿಪ್ ತನ್ನಿ, ವೈದ್ಯರಿಗೆ ತಿಳಿಸಿ.

ಅಂಗಡಿಯಿಂದ ತಂದ ಮಾತ್ರೆಯ ಮೇಲೆಯೇ ಸಂಶಯವಿದ್ದರೆ? 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆಯ 26ನೇ ಕಲಮಿನ ಪ್ರಕಾರ ಯಾರೇ ಆಗಲಿ ತಾವು ಖರೀದಿಸಿದ ಔಷಧವನ್ನು ನಿಗದಿತ ಶುಲ್ಕ ಕಟ್ಟಿ ಸರಕಾರಿ ವಿಶ್ಲೇಷಕರಿಗೆ ಪರೀಕ್ಷೆಗೆ ಕೊಡಬಹುದು, ಅವರ ಸಹಿಯಿರುವ ವರದಿಯನ್ನು ಪಡೆಯಬಹುದು. ಬಳಕೆದಾರರ ಸಂಘಗಳಿಗೂ ಈ ಹಕ್ಕಿದೆ. ಅಂಗಡಿಯಾತ ಕತ್ತರಿಸಿ ಕೊಟ್ಟ ಎರಡು ಮಾತ್ರೆಗಳಿಂದ ಇದು ಸಾಧ್ಯವಾಗದು. ಬಿಲ್ ಇರಬೇಕು, ಬ್ಯಾಚ್ ನಂಬರ್ ಮತ್ತು ದಿನಾಂಕ ಕಾಣುವಂತೆ ಸ್ಟ್ರಿಪ್ ಇರಬೇಕು.

ಹಕ್ಕೇನೋ ಇದೆ, ಆದರೆ ತಲೆನೋವಿನ ಮಾತ್ರೆಗಾಗಿ ಅರ್ಜಿ ಹಿಡಿದು ಬೆಂಗಳೂರಿಗೆ ಅಲೆಯುವವರು ಯಾರು? ಫಾರ್ಮಸಿ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಇದೇ ಟೈಟ್ರೇಶನ್ ಮಾಡಿ, ಅಂಕಿಯನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆದು, ದ್ರಾವಣವನ್ನು ಸಿಂಕಿಗೆ ಸುರಿಯುತ್ತಾರೆ. ಆ ಕಾಲೇಜುಗಳು ವರ್ಷಕ್ಕೊಮ್ಮೆಯಾದರೂ ಊರಿನ ಅಂಗಡಿಗಳಲ್ಲಿ ಸಿಗುವ ನೋವಿನ ಮಾತ್ರೆಗಳನ್ನು ಪರೀಕ್ಷಿಸಿ, ಸಂಶಯ ಬಂದವನ್ನು ಔಷಧ ನಿಯಂತ್ರಣ ಇಲಾಖೆಗೆ ತಿಳಿಸುವ ವ್ಯವಸ್ಥೆ ಬರಬೇಕು. ನಮ್ಮ ಜಮಾಅತ್‌ಗಳು ನಡೆಸುವ ಆರೋಗ್ಯ ಶಿಬಿರಗಳಲ್ಲಿ ಬಿಪಿ, ಶುಗರ್ ನೋಡುವ ಮೇಜಿನ ಪಕ್ಕ ಇನ್ನೊಂದು ಮೇಜು ಹಾಕಿ, ಮನೆಯ ಮದ್ದಿನ ಡಬ್ಬಿ ತನ್ನಿ ಎಂದು ಮೊದಲೇ ಹೇಳಬಹುದು. ಫಾರ್ಮಸಿಸ್ಟ್ ಒಬ್ಬರು ಕುಳಿತರೆ ಅವಧಿ ಮುಗಿದದ್ದು, ಹೆಸರೇ ಇಲ್ಲದ ಬಿಡಿ ಮಾತ್ರೆ, ವಿನೆಗರ್ ವಾಸನೆಯದ್ದು ಎಲ್ಲವನ್ನೂ ಅಲ್ಲೇ ಬೇರೆ ಮಾಡಿ ಕೊಡಬಲ್ಲರು.