ಮಾತು ಬರಲಿ ಎಂದು ಕಾಯಬೇಡಿ

"ಡಾಕ್ಟರೇ, ಮಗುವಿಗೆ ಎರಡು ವರ್ಷ ತುಂಬಿತು. ಇನ್ನೂ ಅಮ್ಮ ಅಂದಿಲ್ಲ. ಅದರ ಅಪ್ಪನೂ ಮಾತಾಡಿದ್ದು ಮೂರು ವರ್ಷಕ್ಕೇ ಅಂತೆ, ನಮ್ಮತ್ತೆ ಹೇಳ್ತಾರೆ. ಇನ್ನು ಸ್ವಲ್ಪ ದಿನ ಕಾಯಬಹುದೇ?"

ಈ ಮಾತನ್ನು ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ನೀವು ಕೇಳಿಯೇ ಇರುತ್ತೀರಿ. ಕಾಯಬಾರದು ಎಂಬುದೇ ನನ್ನ ಉತ್ತರ. ಅದಕ್ಕೆ ಕಾರಣ ತಿಳಿಯಬೇಕಾದರೆ ನಿಮ್ಮನ್ನು ಸ್ವಲ್ಪ ದೂರ, ಕೆನಡಾ ದೇಶದ ವ್ಯಾಂಕೂವರ್ ನಗರದವರೆಗೆ ಕರೆದೊಯ್ಯಬೇಕಾಗುತ್ತದೆ.

1980ರ ಆಸುಪಾಸಿನಲ್ಲಿ ಅಲ್ಲಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾನೆಟ್ ವರ್ಕರ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಇದ್ದರು. ಎಳೆಗೂಸುಗಳು ಮಾತಿನ ಧ್ವನಿಗಳನ್ನು ಹೇಗೆ ಕೇಳಿಸಿಕೊಳ್ಳುತ್ತವೆ ಎಂಬುದು ಅವರ ಅಧ್ಯಯನದ ವಿಷಯ. ಅದಕ್ಕಾಗಿ ಆರಿಸಿಕೊಂಡ ಧ್ವನಿಗಳಲ್ಲಿ ಮುಖ್ಯವಾದವು ಹಿಂದಿಯ 'ತ' ಮತ್ತು 'ಟ'. ನಾಲಿಗೆ ಹಲ್ಲಿಗೆ ತಾಗಿದರೆ 'ತ', ಹಿಂದಕ್ಕೆ ಮಡಿಸಿ ಅಂಗುಳಿಗೆ ತಾಗಿಸಿದರೆ 'ಟ'. ನಮಗೆ ಇದರಲ್ಲಿ ಹೇಳಿಕೊಡಬೇಕಾದ್ದು ಏನೂ ಇಲ್ಲ. ಆದರೆ ಇಂಗ್ಲಿಷ್ ಮಾತ್ರ ಬಲ್ಲ ದೊಡ್ಡವರ ಕಿವಿಗೆ ಇವೆರಡೂ ಹೆಚ್ಚುಕಡಿಮೆ ಒಂದೇ.

ಪರೀಕ್ಷೆ ನಡೆಸಿದ ಬಗೆಯೂ ಸೊಗಸಾಗಿದೆ. ಕೂಸನ್ನು ತಾಯಿಯ ತೊಡೆಯ ಮೇಲೆ ಕೂರಿಸಿ, ಒಂದೇ ಧ್ವನಿಯನ್ನು ಮತ್ತೆ ಮತ್ತೆ ಕೇಳಿಸುತ್ತಿದ್ದರು. ನಡುವೆ ಧ್ವನಿ ಬದಲಾದಾಗ ಕೂಸು ಪಕ್ಕಕ್ಕೆ ತಿರುಗಿ ನೋಡಿದರೆ ಪೆಟ್ಟಿಗೆಯೊಳಗೆ ದೀಪ ಹೊತ್ತಿ ಗೊಂಬೆಯೊಂದು ಕುಣಿಯುತ್ತಿತ್ತು. ಧ್ವನಿ ಬದಲಾದದ್ದು ಗೊತ್ತಾದರೆ ಗೊಂಬೆ ಕಾಣುತ್ತದೆ ಎಂಬುದನ್ನು ಕೂಸು ಬೇಗ ಕಲಿತುಬಿಡುತ್ತದೆ. ತಾಯಿ ತಿಳಿಯದೆಯೇ ಸನ್ನೆ ಕೊಟ್ಟುಬಿಟ್ಟಾಳು ಎಂದು ಅವಳ ಕಿವಿಗೆ ಸಂಗೀತ ಹಾಕಿರುತ್ತಿದ್ದರು.

1984ರಲ್ಲಿ ವರ್ಕರ್ ಅವರು ತಮ್ಮ ಗುರು ರಿಚರ್ಡ್ ಟೀಸ್ ಅವರೊಡನೆ ಪ್ರಕಟಿಸಿದ ಲೇಖನ ಇಂದಿಗೂ ಹೆಸರುವಾಸಿ. ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಬಹುಪಾಲು, ಹಿಂದಿಯ ಒಂದಕ್ಷರವನ್ನೂ ಕೇಳದಿದ್ದರೂ, 'ತ' 'ಟ'ಗಳನ್ನು ಬೇರೆ ಬೇರೆಯಾಗಿ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಅದೇ ಮನೆಗಳ ಮಕ್ಕಳಲ್ಲಿ ಆ ಶಕ್ತಿ ಬಹಳ ಮಟ್ಟಿಗೆ ಕುಂದಿತ್ತು. ಹಿಂದಿ ಮಾತಾಡುವ ಮನೆಯ ಮಕ್ಕಳಲ್ಲಿ ಮಾತ್ರ ಹಾಗೆಯೇ ಉಳಿದಿತ್ತು. ಬೇಕಾದ ಧ್ವನಿಗಳನ್ನು ಇಟ್ಟುಕೊಂಡು ಬೇಡದ್ದನ್ನು ಬದಿಗಿಡುವ ಕೆಲಸವನ್ನು ಮಿದುಳು ಮೊದಲ ವರ್ಷದಲ್ಲೇ ಮಾಡಿಬಿಟ್ಟಿತ್ತು. ಈ ಮಕ್ಕಳಿಗೆ ಇನ್ನೂ ಮಾತೇ ಬಂದಿರಲಿಲ್ಲ ಎಂಬುದನ್ನು ಗಮನಿಸಿ.

ನನ್ನ ಸ್ನೇಹಿತರೊಬ್ಬರ ಮೊಮ್ಮಗ ಅಮೆರಿಕದಲ್ಲಿ ಇಂಗ್ಲಿಷಿನಲ್ಲೇ ಬೆಳೆದವನು. ರಜಕ್ಕೆ ಬಂದಾಗ ಊಟಕ್ಕೆ ಕುಳಿತು "ಇನ್ನೊಂದು ಸಲ ಹುಲಿ ಬಡಿಸಿ" ಎಂದು ಎಲ್ಲರನ್ನೂ ನಗಿಸುತ್ತಾನೆ. ಅವನ ನಾಲಿಗೆ ಚೆನ್ನಾಗಿದೆ. 'ಲ'ಕಾರ 'ಳ'ಕಾರದ ಭೇದ ಅವನ ಕಿವಿಗೆ ಬೀಳದೆ ಹೋಗಿದೆ, ಅಷ್ಟೆ. ಕಲಿಸಿದರೆ ದೊಡ್ಡವನಾದ ಮೇಲೂ ಕಲಿತಾನು, ಶ್ರಮ ಹೆಚ್ಚು ಬೇಕಾದೀತು.

ಅವನಿಗೆ ತಪ್ಪಿದ್ದು ಒಂದು ಭಾಷೆಯ ಒಂದೆರಡು ಧ್ವನಿಗಳು. ಹುಟ್ಟಿನಿಂದಲೇ ಕಿವಿ ಕೇಳದ ಕೂಸಿಗೆ ಎಲ್ಲ ಧ್ವನಿಗಳೂ ತಪ್ಪುತ್ತವೆ. ಗರ್ಭದ ಕೊನೆಯ ತಿಂಗಳುಗಳಲ್ಲೇ ಮಗು ತಾಯಿಯ ದನಿ ಕೇಳತೊಡಗುತ್ತದೆ. ಎರಡು ವರ್ಷವಾಗಲಿ ಎಂದು ನೀವು ಕಾಯುತ್ತಿರುವಾಗ ಆ ಮಗು ಕಲಿಕೆಯ ಅತಿ ಮುಖ್ಯ ಕಾಲವನ್ನು ಆಗಲೇ ಕಳೆದುಕೊಂಡಿರುತ್ತದೆ.

ಈ ವಿಷಯದಲ್ಲಿ ನನ್ನ ಕೈಯೂ ಶುದ್ಧವಲ್ಲ. ನಾನು ವೃತ್ತಿ ಆರಂಭಿಸಿದ ಹೊಸತರಲ್ಲಿ ಒಬ್ಬ ತಾಯಿ ಹದಿನಾಲ್ಕು ತಿಂಗಳ ಹೆಣ್ಣುಮಗುವನ್ನು ತಂದಿದ್ದರು. "ಕರೆದರೆ ತಿರುಗುವುದಿಲ್ಲ" ಎಂದರು. ನಾನು ಮಗುವಿನ ಹಿಂದೆ ನಿಂತು ಮೇಜಿನ ಮೇಲೆ ಸ್ಟೀಲಿನ ತಟ್ಟೆ ಕುಟ್ಟಿದೆ. ಮಗು ಬೆಚ್ಚಿ ತಿರುಗಿತು. "ನೋಡಿ, ಕಿವಿ ಕೇಳುತ್ತದೆ, ಗಾಬರಿ ಬೇಡ" ಎಂದು ಕಳುಹಿಸಿದೆ. ಅವರು ಮತ್ತೆ ಬಂದದ್ದು ಮಗುವಿಗೆ ಮೂರು ವರ್ಷ ದಾಟಿದ ಮೇಲೆ. ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿಗಳಲ್ಲಿ ತೀವ್ರ ದೋಷ. ಆ ತಾಯಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ತಟ್ಟೆ ಕುಟ್ಟುವ, ಚಪ್ಪಾಳೆ ತಟ್ಟುವ ಪರೀಕ್ಷೆಯನ್ನು ದಯವಿಟ್ಟು ನಂಬಬೇಡಿ. ಮೇಜಿನ ಅದುರು, ನೆರಳು, ತಾಯಿಯ ಮುಖಭಾವ, ಇಷ್ಟರಿಂದಲೇ ಮಗು ತಿರುಗಬಹುದು. ಕೆಲವು ಮಕ್ಕಳಿಗೆ ದಪ್ಪ ಸದ್ದುಗಳು ಕೇಳಿಸಿ, 'ಸ', 'ಶ'ಗಳಂಥ ತೆಳು ದನಿಗಳು ಕೇಳಿಸುವುದೇ ಇಲ್ಲ. ಅವು ಬಾಗಿಲ ಸದ್ದಿಗೆ ತಿರುಗುತ್ತವೆ, ಮಾತು ಮಾತ್ರ ಕಲಿಯಲಾರವು. ಇನ್ನೊಂದು ಮೋಸವಿದೆ. ಕಿವಿ ಕೇಳದ ಕೂಸೂ ಮೊದಲ ಕೆಲವು ತಿಂಗಳು 'ಆ', 'ಊ' ಎಂದು ದನಿ ಮಾಡುತ್ತದೆ. ಮನೆಯವರಿಗೆ ಅದೇ ಸಮಾಧಾನ. ಆದರೆ ಬೇರೆ ಮಕ್ಕಳು ಏಳೆಂಟು ತಿಂಗಳಿಗೆ 'ಬಬಬ', 'ದದದ' ಎಂದು ತೊದಲತೊಡಗಿದಾಗ ಈ ಮಗು ಹಿಂದೆ ಬೀಳುತ್ತದೆ. ಒಂಬತ್ತು, ಹತ್ತು ತಿಂಗಳಾದರೂ ಅಂಥ ತೊದಲು ಕೇಳಿಬರದಿದ್ದರೆ ಎಚ್ಚರಗೊಳ್ಳಿ.

ನಾಲಿಗೆಗೆ ಬಜೆ ತೇಯ್ದು ಸವರುವುದು, ಕಿವಿಗೆ ಎಣ್ಣೆ ಬಿಡುವುದು, ನಾಲಿಗೆಯಡಿಯ ತಂತು ಕತ್ತರಿಸಿ ಎನ್ನುವುದು, ಇವೆಲ್ಲ ಕಾಲಹರಣವೇ. ಹರಕೆಗೆ ನನ್ನ ಅಡ್ಡಿಯಿಲ್ಲ, ಅದರ ಜತೆಗೆ ಪರೀಕ್ಷೆಯೂ ಆಗಲಿ.

ಬೇಗ ಪತ್ತೆಯಾದರೆ ಏನು ಲಾಭ ಎಂದು ಕೇಳಬಹುದು. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಕಿವಿಯ ದೋಷವಿದ್ದ 150 ಮಕ್ಕಳ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಅವರಲ್ಲಿ 72 ಮಕ್ಕಳ ದೋಷ ಆರು ತಿಂಗಳೊಳಗೆ ಪತ್ತೆಯಾಗಿತ್ತು. ಉಳಿದವರಿಗಿಂತ ಇವರ ಭಾಷೆ ಸ್ಪಷ್ಟವಾಗಿ ಮುಂದಿತ್ತು. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಎಂಬುದು ಇಂದು ಜಗತ್ತಿನ ಬಹುಕಡೆ ಒಪ್ಪಿತವಾದ ಲೆಕ್ಕ. ಶ್ರವಣ ಸಾಧನವೋ, ಕಾಕ್ಲಿಯರ್ ಇಂಪ್ಲಾಂಟೋ, ಸನ್ನೆ ಭಾಷೆಯೋ, ಯಾವುದು ಸೂಕ್ತ ಎಂಬುದನ್ನು ತಜ್ಞರು ಹೇಳುತ್ತಾರೆ. ಯಾವುದೇ ಆದರೂ ಮಗುವಿಗೆ ಒಂದು ಭಾಷೆ ಬೇಗ ಸಿಗಬೇಕು.

ನಮ್ಮಲ್ಲಿ ಸೌಲಭ್ಯ ಇಲ್ಲವೆಂದಲ್ಲ. ಮೈಸೂರಿನಲ್ಲಿ 1966ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕೇಂದ್ರ ಸರ್ಕಾರ 2013ರಲ್ಲಿ ಆರಂಭಿಸಿದ ಮಕ್ಕಳ ಆರೋಗ್ಯ ಕಾರ್ಯಕ್ರಮದಲ್ಲಿ ಕಿವುಡುತನದ ತಪಾಸಣೆಯೂ ಸೇರಿದೆ. ಆದರೂ ಹೆರಿಗೆಯಾಗಿ ಮನೆಗೆ ಹೊರಡುವ ಎಷ್ಟು ತಾಯಂದಿರಿಗೆ "ಕೂಸಿನ ಕಿವಿ ಪರೀಕ್ಷೆ ಆಯಿತೇ?" ಎಂದು ಯಾರಾದರೂ ಕೇಳುತ್ತಾರೆ? ಬಿ.ಸಿ.ಜಿ. ಚುಚ್ಚುಮದ್ದು ಬರೆಯುವ ಚೀಟಿಯಲ್ಲೇ ಇದಕ್ಕೂ ಒಂದು ಸಾಲು ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದು ಬರುವವರೆಗೆ ನೀವೇ ಕೇಳಿ.

ರಕ್ತಸಂಬಂಧದಲ್ಲಿ ಮದುವೆಯಾದವರು, ಮನೆತನದಲ್ಲಿ ಕಿವುಡುತನ ಇರುವವರು ಖಂಡಿತ ಬಿಡಬೇಡಿ. ಗರ್ಭಿಣಿಗೆ ರುಬೆಲ್ಲಾ ಬಂದಿದ್ದರೆ, ಮಗು ತೀರ ಕಡಿಮೆ ತೂಕದ್ದಾಗಿದ್ದರೆ, ಹುಟ್ಟಿದಾಗ ಕಾಮಾಲೆ ಬಹಳ ಏರಿದ್ದರೆ, ಮಿದುಳು ಪೊರೆಯ ಸೋಂಕು ತಗುಲಿದ್ದರೆ, ಮೊದಲ ಪರೀಕ್ಷೆ ಸರಿಯಿದ್ದರೂ ಮತ್ತೆ ಮಾಡಿಸುವುದು ಮೇಲು.

ಪರೀಕ್ಷೆಗೆ ಹೆದರಬೇಕಾಗಿಲ್ಲ. ಸೂಜಿಯಿಲ್ಲ, ನೋವಿಲ್ಲ. ಮೊದಲ ಹಂತದ್ದು ಕಿವಿಯೊಳಗೆ ಪುಟ್ಟ ಮೆದು ತುದಿಯೊಂದನ್ನಿಟ್ಟು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಅನುಮಾನ ಬಂದರೆ 'ಬೇರಾ' ಎಂಬ ಇನ್ನೊಂದು ಪರೀಕ್ಷೆ ಮಾಡುತ್ತಾರೆ, ಅದಕ್ಕೆ ಮಗು ಅಲುಗದೆ ಮಲಗಿರಬೇಕು. ಹಾಗಾಗಿ ದಾರಿಯಲ್ಲಿ ಮಲಗಿಸಬೇಡಿ, ಅಲ್ಲಿಗೆ ಹೋದ ಮೇಲೆ ಹೊಟ್ಟೆ ತುಂಬ ಹಾಲು ಕೊಟ್ಟು ಮಲಗಿಸಿ.