ಕೆಲಸ ಬಿಡಿ, ಲೆಕ್ಕ ಬಿಡಬೇಡಿ

ಬೆಳಗ್ಗೆ ಬಿ.ಸಿ.ರೋಡ್ ಬಸ್ ನಿಲ್ದಾಣದಲ್ಲಿ ಒಮ್ಮೆ ನಿಂತು ನೋಡಿ. ಹೆಗಲಿಗೆ ಬ್ಯಾಗು, ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಟಿಫಿನ್ ಡಬ್ಬ. ಮಂಗಳೂರಿನ ಬಸ್ಸಿಗೆ ಓಡುವ ಹೆಣ್ಮಕ್ಕಳು! ಸಂಜೆ ಅದೇ ಬಸ್ಸಿನಲ್ಲಿ ನಿಂತುಕೊಂಡೇ ಬರುವಾಗ ಎಷ್ಟೋ ಮಂದಿಗೆ ಒಂದೇ ಯೋಚನೆ: ಈ ಕೆಲಸ ಬಿಟ್ಟು ಸ್ವಂತದ್ದು ಏನಾದರೂ ಮಾಡಿದರೆ ಹೇಗೆ?

ನಿಮಗೂ ಹಾಗನ್ನಿಸಿದೆಯೇ? ಹಾಗಾದರೆ ನನ್ನ ಕತೆ ಸ್ವಲ್ಪ ಕೇಳಿ.

ನಾನೂ ಹೀಗೇ ಕೆಲಸ ಬಿಟ್ಟವಳು. ಹಲಸಿನ ಹಪ್ಪಳ, ಸಂಡಿಗೆ ಮಾಡಿ ಮಾರುವ ಉತ್ಸಾಹ. ಮೊದಲ ಬೇಸಗೆಯಲ್ಲಿ ಕಟ್ಟು ಕಟ್ಟಾಗಿ ಖರ್ಚಾಯಿತು. ಮಳೆ ಹಿಡಿಯಿತು, ಹಲಸೂ ಮುಗಿಯಿತು, ಬಿಸಿಲೂ ಮುಗಿಯಿತು. ಆಗ ಕೂತು ಲೆಕ್ಕ ನೋಡಿದೆ. ಹಲಸು, ಖಾರ, ಪ್ಯಾಕೆಟ್, ಬಸ್ ಚಾರ್ಜು ಎಲ್ಲ ಬರೆದಿದ್ದೆ. ನನ್ನ ದಿನದ ಎಂಟು ಗಂಟೆಯ ದುಡಿಮೆಯನ್ನು ಮಾತ್ರ ಬರೆದಿರಲಿಲ್ಲ! ಅದನ್ನೂ ಸೇರಿಸಿದರೆ ಪ್ರತಿ ಕಟ್ಟಿನಲ್ಲೂ ನಷ್ಟ.

ನಮ್ಮೂರಿನಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಅಮ್ಮಂದಿರು ಎಷ್ಟಿಲ್ಲ! ಸಾವಿರ ಬೀಡಿಗೆ ಇಷ್ಟು ಮಜೂರಿ ಎಂದು ಅವರಿಗೆ ಬಾಯಿಪಾಠ. ಬೀಡಿ ಬ್ರಾಂಚಿಗೆ ಹೋಗಿ ಎಣಿಸಿ ಕೊಟ್ಟು, ಪುಸ್ತಕದಲ್ಲಿ ಬರೆಸಿಕೊಂಡೇ ಬರುತ್ತಿದ್ದರು. ಮನೆಯ ಜಗಲಿಯಲ್ಲಿ ಕೂತು ಮಾಡಿದರೂ ಅದು 'ಕೆಲಸ'ವೇ ಆಗಿತ್ತು. ಬಿ.ಎ. ಓದಿದ ನನಗೆ ಆ ಬುದ್ಧಿ ಇರಲಿಲ್ಲ ನೋಡಿ.

ಕೆಲಸ ಬಿಟ್ಟಾಗ ನಿಜವಾಗಿ ಕೈಜಾರುವುದು ಸಂಬಳ ಮಾತ್ರವಲ್ಲ, ನಮ್ಮ ಹೊತ್ತೂ ಕೂಡ. "ಹೇಗೂ ಮನೆಯಲ್ಲೇ ಇದ್ದೀಯಲ್ಲ, ಸ್ವಲ್ಪ ಬ್ಯಾಂಕಿಗೆ ಹೋಗಿ ಬಾ" ಎನ್ನುತ್ತಾರೆ ಅತ್ತೆ. "ಎಂತ ಮಾರಾಯ್ತಿ, ಆರಾಮಲ್ವಾ ಈಗ?" ಎನ್ನುತ್ತಾಳೆ ಪಕ್ಕದ ಮನೆಯ ಗೆಳತಿ. ಯಾರದ್ದೂ ತಪ್ಪಲ್ಲ. ನಮ್ಮ ಕೆಲಸಕ್ಕೆ ನಾವೇ ಬೆಲೆ ಕಟ್ಟದಿದ್ದರೆ ಬೇರೆಯವರು ಹೇಗೆ ಕಟ್ಟಿಯಾರು?

ಆದ್ದರಿಂದ ರಾಜೀನಾಮೆ ಬರೆಯುವ ಮೊದಲೇ ಕೆಲವು ಲೆಕ್ಕಗಳು ಆಗಬೇಕು.

ಮೊದಲನೆಯದು, ಬಿಡುವ ದಿನ. ಕಾಯಂ ನೌಕರಿಯಲ್ಲಿ ಸಾಮಾನ್ಯವಾಗಿ ಐದು ವರ್ಷ ತುಂಬಿದರೆ ಗ್ರಾಚ್ಯುಟಿ ಸಿಗುತ್ತದೆ. ವರ್ಷಕ್ಕೆ ಹದಿನೈದು ದಿನದ ವೇತನದ ಲೆಕ್ಕ. ಪಿ.ಎಫ್. ಹಣವನ್ನು ಐದು ವರ್ಷದ ಒಳಗೆ ತೆಗೆದರೆ ತೆರಿಗೆಯೂ ಬೀಳಬಹುದು. ಇನ್ನು ನಾಲ್ಕೈದು ತಿಂಗಳು ಬಾಕಿ ಇದ್ದರೆ ಹಲ್ಲು ಕಚ್ಚಿ ಮುಗಿಸಿಬಿಡಿ.

ಎರಡನೆಯದು, ಆರೋಗ್ಯ ವಿಮೆ. ಕೆಲಸ ಬಿಟ್ಟ ಮೇಲೆ ಆಫೀಸಿನ ವಿಮೆಯೂ ಹೋಗುತ್ತದೆ. ಹೊಸ ಪಾಲಿಸಿಯಲ್ಲಿ ಹಳೆಯ ಕಾಯಿಲೆಗಳಿಗೆ ಸಾಮಾನ್ಯವಾಗಿ ಕಾಯುವ ಅವಧಿ ಇರುತ್ತದೆ. ಮನೆಯಲ್ಲಿ ಬಿ.ಪಿ., ಶುಗರ್ ಇರುವ ಹಿರಿಯರಿದ್ದರೆ ಸಂಬಳ ಬರುವಾಗಲೇ ಬೇರೆ ಪಾಲಿಸಿ ಮಾಡಿಸಿಟ್ಟುಕೊಳ್ಳಿ.

ಮೂರನೆಯದು, ಕಲಿಕೆ. ನಮ್ಮ ಪಕ್ಕದ ಉಜಿರೆಯಲ್ಲೇ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯಿದೆ. ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಕಟ್ಟಿದ್ದು (ಸಿಂಡಿಕೇಟ್ 2020ರಲ್ಲಿ ಕೆನರಾದೊಂದಿಗೆ ವಿಲೀನವಾಯಿತು). ಸ್ವಉದ್ಯೋಗಕ್ಕೆ ಉಚಿತ ತರಬೇತಿ, ಊಟ ವಸತಿಯೂ ಉಚಿತ. ಇದೇ ಮಾದರಿಯನ್ನು ಮುಂದೆ ದೇಶದುದ್ದಕ್ಕೂ ಅಳವಡಿಸಿಕೊಂಡರು. ನಾವು ಮಾತ್ರ ಬಸ್ಸಿನ ಕಿಟಕಿಯಿಂದ ಅದರ ಬೋರ್ಡು ನೋಡಿ ಮುಂದೆ ಹೋಗುತ್ತೇವೆ!

ನಾಲ್ಕನೆಯದು, ಬಂಡವಾಳ. ಮೈಮೇಲಿನ ಚಿನ್ನಕ್ಕೆ ಮೊದಲೇ ಕೈ ಹಾಕಬೇಡಿ. 2015ರಲ್ಲಿ ಬಂದ ಮುದ್ರಾ ಯೋಜನೆಯ 'ಶಿಶು' ವಿಭಾಗದಲ್ಲಿ ಐವತ್ತು ಸಾವಿರದವರೆಗೆ ಅಡವಿಲ್ಲದ ಸಾಲವಿದೆ. ಬ್ಯಾಂಕಿನಲ್ಲಿ ವಿಚಾರಿಸಿ. ಆರು ತಿಂಗಳ ಮನೆಖರ್ಚನ್ನು ಬೇರೆ ತೆಗೆದಿಟ್ಟು, ಅದನ್ನು ವ್ಯಾಪಾರಕ್ಕೆ ಮುಟ್ಟಬೇಡಿ. ತಿಂಡಿ, ಉಪ್ಪಿನಕಾಯಿ ಮಾರುವುದಾದರೆ ಮನೆಯ ಅಡುಗೆಮನೆಗೂ ಎಫ್.ಎಸ್.ಎಸ್.ಎ.ಐ. ನೋಂದಣಿ ಬೇಕು, ನೆನಪಿರಲಿ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ವ್ಯಾಪಾರಕ್ಕೆ ನಿಮ್ಮ ಹೆಸರಿನಲ್ಲೇ ಬೇರೆ ಖಾತೆ ತೆರೆಯಿರಿ. ಪ್ರತಿ ತಿಂಗಳು ಒಂದನೇ ತಾರೀಕು ಅದರಿಂದ ನಿಮಗೆ ನೀವೇ ಸಂಬಳ ಕೊಟ್ಟುಕೊಳ್ಳಿ. ಸಾವಿರ ರೂಪಾಯಿಯಾದರೂ ಸರಿ. ಕೆಲಸದ ಹೊತ್ತು ಇಷ್ಟರಿಂದ ಇಷ್ಟು ಎಂದು ಮನೆಯವರಿಗೆ ನಗುನಗುತ್ತಲೇ ಹೇಳಿಬಿಡಿ. ಒಂದು ವಾರ ಮುನಿಸಿಕೊಂಡಾರು, ಆಮೇಲೆ ಅಭ್ಯಾಸವಾಗುತ್ತದೆ.

ಹಾಗಾದರೆ ನೌಕರಿಯಲ್ಲಿ ಕಳೆದ ವರ್ಷಗಳು ದಂಡವೇ? ಖಂಡಿತ ಅಲ್ಲ. 'ನೈಕಾ' ಕಟ್ಟಿದ ಫಲ್ಗುಣಿ ನಾಯರ್ 2012ರಲ್ಲಿ ಕೋಟಕ್ ಮಹೀಂದ್ರ ಸಂಸ್ಥೆಯ ಕೆಲಸ ಬಿಟ್ಟಾಗ ಐವತ್ತರ ಹೊಸ್ತಿಲಲ್ಲಿದ್ದರು. ಅಲ್ಲಿ ದುಡಿದ ಹತ್ತೊಂಬತ್ತು ವರ್ಷಗಳ ಅನುಭವವೂ ಅವರಿಗೆ ಬಂಡವಾಳವೇ. ನೀವು ಆಫೀಸಿನಲ್ಲಿ ಕಲಿತ ಶಿಸ್ತು, ಗಿರಾಕಿಯೊಡನೆ ಮಾತನಾಡುವ ಜಾಣ್ಮೆ, ಹೇಳಿದ ಹೊತ್ತಿಗೆ ಕೆಲಸ ಒಪ್ಪಿಸುವ ಗುಣ ನಿಮ್ಮ ಜತೆಗೇ ಬರುತ್ತವೆ.

ನನ್ನ ವಿಷಯ? ಹಪ್ಪಳ ಈಗ ಮನೆಮಂದಿಗೆ ಮಾತ್ರ. ಹೊರಗಿನ ಸಂಪಾದನೆಗೆ ಬರವಣಿಗೆ ಹಿಡಿದಿದ್ದೇನೆ. ಎರಡು ಗಂಟೆ ಬರೆದರೆ ಎರಡು ಗಂಟೆ ಎಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಹಣ ದೊಡ್ಡದಲ್ಲ, ಆದರೆ ಅತ್ತೆ ಈಗ "ಅವಳು ಕೆಲಸದಲ್ಲಿದ್ದಾಳೆ, ಮತ್ತೆ ಕರೆಯಿರಿ" ಎಂದು ಫೋನಿಗೆ ಉತ್ತರಿಸುತ್ತಾರೆ.

ಆ ಒಂದು ಮಾತಿಗಾಗಿಯಾದರೂ ಲೆಕ್ಕ ಇಡಿ, ಗೆಳತಿಯರೇ!